ಒಳಗೆ ಬನ್ನಿ ಅನ್ನಬಾರದು

35 ಪೌಂಡು ಬಿಸಾಕಿ ಕೈತೊಳೆದುಕೊಳ್ಳಬಹುದಾಗಿದ್ದ ಪಾರ್ಕಿಂಗ್ ದಂಡ 420 ದಾಟಿದ್ದು ಹೇಗೆ ಅಂತ ಯಾರಾದರೂ ಕೇಳಿದರೆ ಈಗಲೂ ನನ್ನ ಬಿಪಿ ಏರುತ್ತದೆ. ಕೇಳದಿದ್ದರೂ ಏರುತ್ತದೆ. ಹಾಗಾಗಿ ಯಾರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಇಂಗ್ಲೆಂಡಿನಲ್ಲಿ ಕಾರು ಇಟ್ಟುಕೊಂಡವರಿಗೆ ಪಿಸಿಎನ್ (ಪೆನಾಲ್ಟಿ ಚಾರ್ಜ್ ನೋಟಿಸ್, ಅಂದರೆ ದಂಡದ ಚೀಟಿ) ಅನ್ನುವ ಮೂರಕ್ಷರದ ಪರಿಚಯ ಮಾಡಿಕೊಡಬೇಕಿಲ್ಲ. ಲಂಡನ್ನಿನ ಹೊರಗೆ ನಮ್ಮಂಥ ಊರುಗಳಲ್ಲಿ ದೊಡ್ಡ ದರ 70 ಪೌಂಡು, 14 ದಿನದೊಳಗೆ ಕಟ್ಟಿದರೆ ಅರ್ಧ. ಸುಮ್ಮನಿದ್ದರೆ ಕಾರಿನ ಮಾಲೀಕರ ಹೆಸರಿಗೆ ‘ನೋಟಿಸ್ ಟು ಓನರ್’. ಅದಕ್ಕೂ 28 ದಿನ ಸುಮ್ಮನಿದ್ದರೆ ಚಾರ್ಜ್ ಸರ್ಟಿಫಿಕೇಟು, ದಂಡ ಒಂದೂವರೆ ಪಟ್ಟು, ಅಂದರೆ 105. ಆಮೇಲೆ ನಾರ್ಥಾಂಪ್ಟನ್ನಿನ ಟ್ರಾಫಿಕ್ ಎನ್‌ಫೋರ್ಸ್‌ಮೆಂಟ್ ಸೆಂಟರಿನಲ್ಲಿ ಅದು ಸಾಲವಾಗಿ ನೋಂದಣಿಯಾಗುತ್ತದೆ, ಅದಕ್ಕೊಂದಿಷ್ಟು ಶುಲ್ಕ. ಕಟ್ಟಕಡೆಗೆ ವಾರಂಟು, ಬೇಲಿಫ್, ಅಂದರೆ ಮನೆಗೇ ಬಂದು ವಸೂಲಿ ಮಾಡುವವರು. ಈಗ ಅವರಿಗೆ ‘ಎನ್‌ಫೋರ್ಸ್‌ಮೆಂಟ್ ಏಜೆಂಟ್’ ಅಂತ ಮರ್ಯಾದೆಯ ಹೆಸರಿದೆ, ಆದರೆ ಬಾಗಿಲು ತಟ್ಟಿಸಿಕೊಂಡವರು ಬೇಲಿಫ್ ಅಂತಲೇ ಕರೆಯುವುದು. ನಮ್ಮ ಸರದಿ ಬಂದಾಗ ಕಡತ ಅವರ ಕಂಪನಿಗೆ ಹೋದರೆ 75 ಪೌಂಡು, ಆತ ಖುದ್ದಾಗಿ ಬಂದರೆ ಮೇಲೆ 235 ಇತ್ತು. ಇದು 2014ರಲ್ಲಿ ಬಂದ ನಿಯಮ, ನಮ್ಮ ಪತ್ರದಲ್ಲಿದ್ದದ್ದೂ ಇದೇ ಲೆಕ್ಕ.

ಇದೆಲ್ಲ ಗೊತ್ತಿದ್ದೂ ಸುಮ್ಮನಿದ್ದವರಿಗೆ. ನಮಗೆ ಸುದ್ದಿಯೇ ಇರಲಿಲ್ಲವಲ್ಲ!

ಹಿಂದಿನ ಜುಲೈನಲ್ಲಿ ಕನ್ನಡದವರೆಲ್ಲ ಸೇರಿ ಪಾರ್ಕಿನಲ್ಲಿ ಚಿತ್ರಾನ್ನ ತಿಂದ ದಿನ ಗಾಜಿಗೆ ಚೀಟಿ ಅಂಟಿಸಿದ್ದರಂತೆ. ಅವತ್ತು ಸುರಿದ ಮಳೆಗೆ ಅದು ಎಲ್ಲಿ ಹೋಯಿತೋ, ನಾವು ಕಾರಿಗೆ ಬಂದಾಗ ಗಾಜಿನ ಮೇಲೆ ನೀರು ಬಿಟ್ಟರೆ ಏನೂ ಇರಲಿಲ್ಲ. ಹೋಗಲಿ, ಆಮೇಲಿನ ನೋಟಿಸುಗಳು? ನಮ್ಮ ಮನೆ 12ಎ. ಕೆಳಗಿನದು 12. ಎರಡು ಬಾಗಿಲು ಅಕ್ಕಪಕ್ಕ, ಎರಡಕ್ಕೂ ಬೇರೆ ಬೇರೆ ಬೆಲ್ಲು, ಬೇರೆ ಬೇರೆ ಟಪಾಲು ಕಿಂಡಿ. ಕಾರಿನ ಲಾಗ್‌ಬುಕ್ಕಿನಲ್ಲಿ 12ಎ ಅಂತಲೇ ಇದೆ. ಕೌನ್ಸಿಲ್ಲಿನ, ಅಂದರೆ ದಂಡ ಹಾಕಿದ ಇಲ್ಲಿಯ ನಗರಸಭೆಯ, ಕಂಪ್ಯೂಟರಿಗೆ ಯಾಕೋ ಆ ‘ಎ’ ರುಚಿಸಲಿಲ್ಲ. ಅದು ಕಳಿಸಿದ್ದೆಲ್ಲ ನೇರ 12ಕ್ಕೆ ಹೋಗಿ ಬಿತ್ತು. 12ರಲ್ಲಿದ್ದ ಹುಡುಗರು ಬೇಸಿಗೆ ಮುಗಿಯುವ ಮೊದಲೇ ಮನೆ ಖಾಲಿ ಮಾಡಿದ್ದರು.

ಬೇಲಿಫ್ ಬಂದವನೂ ಮೊದಲು 12ರ ಬೆಲ್ಲನ್ನೇ ಒತ್ತಿದ್ದು. ಯಾರೂ ಬರಲಿಲ್ಲ. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು 12ಎ ಒತ್ತಿದ. ನನ್ನ ಹೊಟ್ಟೆ ಉರಿಯುವುದು ಈ ಒಂದು ಹೆಜ್ಜೆಗೆ. ತಿಂಗಳುಗಟ್ಟಲೆ ನೋಟಿಸಿನ ಮೇಲೆ ನೋಟಿಸು ಅಚ್ಚು ಹಾಕಿದ ಇಡೀ ಇಲಾಖೆಗೆ ಹೊಳೆಯದ ಹೆಜ್ಜೆ ಅದು. ವಿಷಯ ತಿಳಿಸುವಾಗ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ, ವಸೂಲಿಗೆ ಹೊರಟರೆ ಥಟ್ಟನೆ ಕಾಣಿಸುತ್ತೇವೆ.

ಬಾಗಿಲು ತೆಗೆದದ್ದು ನಮ್ಮಪ್ಪ.

ಅಪ್ಪ ಹಾಸನದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಆರು ತಿಂಗಳ ವೀಸಾದ ಮೇಲೆ ಮೊಮ್ಮಗಳನ್ನು ನೋಡಲು ಬಂದಿದ್ದಾರೆ. ಅವರಿಗೆ ಬಾಗಿಲಿಗೆ ಬಂದವರನ್ನು ಒಳಗೆ ಕರೆಯದೆ ಮಾತಾಡಿಸಲು ಬರುವುದಿಲ್ಲ. ಹಾಸನದ ಮನೆಯಲ್ಲಿ ಕರೆಂಟ್ ಮೀಟರ್ ನೋಡಲು ಬಂದವನು, ಗ್ಯಾಸ್ ತಂದವನು, ಬೇರೆ ಯಾರದೋ ಮನೆ ಹುಡುಕಿಕೊಂಡು ದಾರಿ ತಪ್ಪಿ ಬಂದವನು, ಎಲ್ಲರೂ ಒಳಗೆ ಬಂದು, ಕೂತು, ಊರು ಯಾವುದು ಅಂತ ಹೇಳಿ, ಅರ್ಧ ಲೋಟವಾದರೂ ಕಾಫಿ ಕುಡಿದೇ ಹೋಗಬೇಕು. ಇಲ್ಲಿಗೆ ಬಂದ ಮೇಲೂ ಅದೇ. ಪಾರ್ಸೆಲ್ ತರುವ ಹುಡುಗರು ಈಗ ನಮ್ಮ ಬಾಗಿಲಲ್ಲಿ ಡಬ್ಬ ಇಟ್ಟು ಓಡುತ್ತಾರೆ. ದೇವರ ಪುಸ್ತಕ ಹಂಚಲು ಬಂದಿದ್ದ ಇಬ್ಬರು ಹೆಂಗಸರು ಒಳಗೆ ಕೂತು ಉಪ್ಪಿಟ್ಟು ತಿಂದು, ಪುರಂದರದಾಸರ ವಿಷಯವಾಗಿ ಒಂದು ಗಂಟೆ ಕೇಳಿಸಿಕೊಂಡು, ತಮ್ಮ ಪುಸ್ತಕ ಕೊಡುವುದನ್ನೇ ಮರೆತು ಹೋದರು.

ಇಂಥ ಮನುಷ್ಯನ ಮುಂದೆ, ಬೆಳಿಗ್ಗೆ ಏಳೂವರೆಗೆ, ಕಪ್ಪು ಜಾಕೆಟ್ಟು, ಎದೆಯ ಮೇಲೆ ಕ್ಯಾಮೆರಾ, ಕಾಲಲ್ಲಿ ಹಿಮ್ಮಡಿಯಿಂದ ಮೇಲೆ ಲೇಸು ಹೆಣೆದ ಬೂಟು ಹಾಕಿಕೊಂಡ ಒಬ್ಬ ಆರಡಿ ಆಳು ನಿಂತು, ನನ್ನ ಪೂರ್ತಿ ಹೆಸರು ಹೇಳಿ, ‘ಇದ್ದಾರಾ?’ ಅಂದಿದ್ದಾನೆ.

‘ಕಮ್, ಕಮ್, ಒಳಗೆ ಬನ್ನಿ’ ಅಂದರಂತೆ ಅಪ್ಪ.

ಆ ಮನುಷ್ಯನ ನೌಕರಿಯಲ್ಲಿ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿರಬಹುದು? ಪಾರ್ಕಿಂಗ್ ಸಾಲಕ್ಕೆ ಬಂದ ಬೇಲಿಫ್ ಬಾಗಿಲು ಒಡೆದು ನುಗ್ಗುವಂತಿಲ್ಲ. ಮನೆಯವರು ತಾವಾಗಿ ಒಳಗೆ ಬಿಟ್ಟರೆ, ಇಲ್ಲವೇ ಬಾಗಿಲಿಗೆ ಬೀಗ ಹಾಕಿರದಿದ್ದರೆ ಮಾತ್ರ ಉಂಟು. ಒಮ್ಮೆ ಒಳಗೆ ಬಂದು ಟಿವಿ, ಸೋಫಾ ಅಂತ ಪಟ್ಟಿ ಮಾಡಿ ನಮ್ಮ ಸಹಿ ಹಾಕಿಸಿಕೊಂಡನೋ, ಒಪ್ಪಿದ ಕಂತು ತಪ್ಪಿದರೆ ಮುಂದಿನ ಸಲ ಬಲವಂತಕ್ಕೂ ದಾರಿಯಾಗುತ್ತದೆ. ಇಡೀ ದೇಶದ ಸಾಲಗಾರರು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೂರುವುದು ಇದಕ್ಕೇ. ನಮ್ಮಪ್ಪ ಬಾಗಿಲನ್ನು ಗೋಡೆಗೆ ತಾಗುವ ತನಕ ತೆರೆದು ಪಕ್ಕಕ್ಕೆ ಸರಿದು ನಿಂತರು.

ಆತ ಒಂದು ಕಾಲು ಎತ್ತಿದ. ಆಗ ಅಪ್ಪನ ಕಣ್ಣು ಬೂಟಿನ ಮೇಲೆ ಬಿತ್ತು.

‘ಶೂಸ್ ಔಟ್‌ಸೈಡ್.’

ಬಿಚ್ಚುವಂತಿಲ್ಲ, ಕೆಲಸದ ಮೇಲಿರುವಾಗ ಬೂಟು ಬಿಚ್ಚಬಾರದು ಅಂತ ಕಂಪನಿಯ ನಿಯಮವಿದೆ ಅಂದ ಆತ. ಒಳಗೆ ದೇವರಿದೆ ಅಂದರು ಅಪ್ಪ. (ದೇವರಿರುವುದು ಅಡುಗೆಮನೆಯ ಶೆಲ್ಫಿನಲ್ಲಿ, ಕಾರ್ನ್‌ಫ್ಲೇಕ್ಸಿನ ಮೇಲೆ.) ಎರಡು ನಿಮಿಷದ ಕೆಲಸ ಅಂದ ಆತ. ಎರಡು ನಿಮಿಷಕ್ಕೂ ಹೊಸ್ತಿಲು ಹೊಸ್ತಿಲೇ ಅಂದರು ಅಪ್ಪ. ಬೇಕಾದರೆ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳುತ್ತೇನೆ, ವ್ಯಾನಿನಲ್ಲಿದೆ ಅಂತ ಆತ. ಚೀಲದೊಳಗಿದ್ದರೂ ಬೂಟು ಬೂಟಲ್ಲವೇನಪ್ಪಾ ಅಂತ ಇವರು. ಇದೆಲ್ಲ ಅವನ ಎದೆಯ ಕ್ಯಾಮೆರಾದಲ್ಲಿ ದಾಖಲಾಗಿದೆ. ಯಾವತ್ತಾದರೂ ನನ್ನ ಕೈಗೆ ಸಿಕ್ಕರೆ ಮಗಳ ಮದುವೆಯಲ್ಲಿ ಹಾಕಿಸುತ್ತೇನೆ.

ಕೊನೆಗೆ ರಾಜಿ ಮಾಡಿಸಿದವರೂ ಅಪ್ಪನೇ. ‘ಹಾಗಾದರೆ ಅಲ್ಲೇ ಕೂತ್ಕೊಳ್ಳಿ, ತರ್ತೀನಿ.’ ಹಿತ್ತಿಲಿನ ಪ್ಲಾಸ್ಟಿಕ್ ಕುರ್ಚಿ ಬಾಗಿಲ ಹೊರಗೆ ಬಂತು. ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಬಂತು. ಲೋಟದ ಕಂಠ ಹಿಡಿಯುವುದು ಗೊತ್ತಿಲ್ಲದ ಪ್ರಾಣಿ ಹೊಟ್ಟೆ ಹಿಡಿದು, ಬೆರಳು ಸುಟ್ಟುಕೊಂಡು, ಆಮೇಲೆ ಜಾಕೆಟ್ಟಿನ ತೋಳನ್ನು ಅಂಗೈವರೆಗೆ ಎಳೆದುಕೊಂಡು ಕುಡಿಯಿತಂತೆ. ಅಪ್ಪ ಒಳಗಿನಿಂದ ಅವನ ಊರು, ತಂದೆ-ತಾಯಿ, ಸಂಬಳ, ಪಿಂಚಣಿ ಎಲ್ಲ ವಿಚಾರಿಸಿಕೊಂಡರು. ಹೋಗುವಾಗ ಆತ ಲಕೋಟೆ ಕೊಟ್ಟು ಥ್ಯಾಂಕ್ಯೂ ಹೇಳಿ ಹೋದ. ನನ್ನವಳು ಆಸ್ಪತ್ರೆಯ ಬೆಳಗಿನ ಪಾಳಿಗೆಂದು ಕಾರು ತೆಗೆದುಕೊಂಡು ಹೋಗಿದ್ದಳು, ಇಲ್ಲದಿದ್ದರೆ ಚಕ್ರಕ್ಕೆ ಬೀಗ ಬೀಳುತ್ತಿತ್ತು.

ಸಂಜೆ ನಾನು ಬಂದಾಗ ಪತ್ರ ಮೇಜಿನ ಮೇಲೆ ಖಾಲಿ ಲೋಟದ ಕೆಳಗಿತ್ತು. ‘ಕೋರ್ಟಿನವರು ಬಂದಿದ್ದರು. ಪಾಪ, ಒಳ್ಳೇ ಹುಡುಗ’ ಅಂದರು ಅಪ್ಪ. ನಾನು ಓದಿದೆ. ಮತ್ತೊಮ್ಮೆ ಓದಿದೆ. ಅಪ್ಪ ಮೊತ್ತ ಕೇಳಿ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿದರು. ಇಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಅವರು ಹಾಗೆಯೇ ಕೊಳ್ಳುವುದು.

‘ಬಾಗಿಲು ತಟ್ಟಿದ್ದಕ್ಕೆ ಇಪ್ಪತ್ತೈದು ಸಾವಿರಾನಾ? ಅವನು ತಟ್ಟಲೂ ಇಲ್ಲ ಕಣೋ, ಬೆಲ್ಲು ಒತ್ತಿದ. ನಮ್ಮ ಕೋರ್ಟಿನ ಅಮೀನರು ಮಳೇಲಿ ಸಕಲೇಶಪುರದ ತೋಟಕ್ಕೆ ನಡ್ಕೊಂಡು ಹೋಗಿ ಬರೋರು, ಬಸ್ ಚಾರ್ಜಿನ ಬಿಲ್ಲು ಪಾಸಾಗೋಕೆ ವರ್ಷ ಹಿಡೀತಿತ್ತು.’

‘ಅಪ್ಪಾ, ಇನ್ನು ಮೇಲೆ ಅವನು ಬಂದರೆ ಬಾಗಿಲು ತೆಗೀಬೇಡಿ. ಒಳಗೆ ಬನ್ನಿ ಅನ್ನಲೇಬೇಡಿ.’

ಅಪ್ಪ ನನ್ನನ್ನು ನೋಡಿದ ರೀತಿ ನೋಡಿದರೆ, ದಂಡಕ್ಕಿಂತ ದೊಡ್ಡ ಅವಮಾನ ಆಗಿರುವುದು ಮನೆತನಕ್ಕೆ ಅನ್ನಿಸಿತು. ಕಾನೂನಿನ ದಾರಿಯಿಂದ ಹೋದರೆ ಕೇಳಿಯಾರು ಅಂತ, ಬಾಗಿಲು ತೆಗೆಯದಿರುವುದು ಇಂಗ್ಲಿಷರದೇ ಹಳೇ ಸಂಪ್ರದಾಯ, 1604ರಲ್ಲಿ ಸೆಮೇನ್ ಅನ್ನುವವನ ಮೊಕದ್ದಮೆಯಲ್ಲೇ ಮನುಷ್ಯನ ಮನೆ ಅವನ ಕೋಟೆ ಅಂತ ತೀರ್ಪಾಗಿದೆ ಅಂದೆ. ಕೋಟೆ ಸರಿ, ದಿಡ್ಡಿ ಬಾಗಿಲಲ್ಲಿ ಕಾಫಿ ಹಿಡಿದು ನಿಂತವರನ್ನು ಏನು ಮಾಡುವುದು? ಆದರೆ ಕಾನೂನು ಅಂದಕೂಡಲೇ ಅಪ್ಪನಿಗೆ ಹುರುಪು ಬಂತು. ನಮ್ಮ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 62ನೇ ಕಲಮಿನ ಪ್ರಕಾರ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಜಪ್ತಿಗೆ ಮನೆ ಹೊಗುವಂತಿಲ್ಲ, ಇಲ್ಲಿ ಹೇಗೆ ಅಂದರು. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತು ಅಂದೆ. ‘ನಮ್ಮ ಕಾನೂನು ಇಲ್ಲಿದ್ದಿದ್ದರೆ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಮನೆಗೆ ಹೋಗಬಹುದಿತ್ತು, ಆರಾಮ. ಜೂನಿನಲ್ಲಿ ಮಾತ್ರ ಕಷ್ಟ, ಒಂಬತ್ತು ದಾಟಿದರೂ ಬಿಸಿಲು’ ಅಂತ ಬೇಲಿಫನ ಪರವಾಗಿ ಮರುಗಿದರು.

ಆಮೇಲೆ ಯಾವುದನ್ನು ಜಪ್ತಿ ಮಾಡಬಾರದು ಅನ್ನುವ ಚರ್ಚೆ. ಅಪ್ಪನಿಗೆ 60ನೇ ಕಲಮು ಬಾಯಿಪಾಠ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತಾರ, ಬೇಸಾಯದ ದನ, ಬಿತ್ತನೆ ಬೀಜ, ಧರ್ಮದ ಕಟ್ಟಳೆಯಂತೆ ಹೆಂಗಸರು ಮೈಮೇಲಿಂದ ತೆಗೆಯದ ಒಡವೆ. ನಾನು ಮೊಬೈಲಿನಲ್ಲಿ ಇಲ್ಲಿಯ ಪಟ್ಟಿ ಓದಿದೆ: ಫ್ರಿಜ್ಜು, ವಾಷಿಂಗ್ ಮೆಷಿನ್ನು, ಮನೆಮಂದಿ ಎಲ್ಲ ಕೂರುವಷ್ಟು ಊಟದ ಮೇಜು-ಕುರ್ಚಿ, ಹಾಸಿಗೆ, ಒಲೆ ಅಥವಾ ಮೈಕ್ರೋವೇವು. ಎರಡೂ ಅಲ್ಲ, ಒಂದು. ಯಾರೋ ಅಧಿಕಾರಿ ಕೂತು, ಸಾಲಗಾರನಿಗೆ ಅನ್ನ ಬೇಯಿಸುವ ಹಕ್ಕಿದೆ, ಆದರೆ ಆರಿದ ಅನ್ನ ಬಿಸಿ ಮಾಡುವ ಹಕ್ಕಿಲ್ಲ ಅಂತ ತೀರ್ಮಾನಿಸಿದ್ದಾನೆ.

‘ಗ್ರೈಂಡರ್?’ ಅಂತ ಅಡುಗೆಮನೆಯಿಂದ ನನ್ನವಳ ದನಿ.

ಪಟ್ಟಿಯಲ್ಲಿ ಗ್ರೈಂಡರ್ ಇರಲಿಲ್ಲ. ಎರಡು ಸೂಟ್‌ಕೇಸಿನ ತೂಕ ಬಿಟ್ಟುಕೊಟ್ಟು ವಿಮಾನದಲ್ಲಿ ಹೊತ್ತು ತಂದಿದ್ದ ಕಲ್ಲಿನ ಗ್ರೈಂಡರ್ ಆ ರಾತ್ರಿಯೇ ಕಂಬಳಿ ಸುತ್ತಿಕೊಂಡು ಮಂಚದ ಕೆಳಗೆ ಸೇರಿತು. ಕಾರು ಗೆಳೆಯನೊಬ್ಬನ ಮನೆಯಂಗಳದಲ್ಲಿ ಅಜ್ಞಾತವಾಸಕ್ಕೆ ಹೋಯಿತು. ಟಿವಿ ಹೋದರೆ ಹೋಗಲಿ ಅಂದಳು ನನ್ನವಳು.

ಮಾರನೆಯ ದಿನ ಬೇಲಿಫ್ ಕಂಪನಿಗೆ ಫೋನು. ಈಗಲೇ ಕಟ್ಟಲು ಒಂದು ಒತ್ತಿ, ಕಾರ್ಡಿನಲ್ಲಿ ಕಟ್ಟಲು ಎರಡು, ಕಂತಿನಲ್ಲಿ ಕಟ್ಟಲು ಮೂರು. ಕಟ್ಟುವುದಿಲ್ಲ ಅನ್ನುವವರಿಗೆ ಗುಂಡಿಯೇ ಇಲ್ಲ. ಮೂರು ಒತ್ತಿ ಸಿಕ್ಕ ಹೆಣ್ಣುಮಗಳು ಕೌನ್ಸಿಲ್ಲನ್ನು ಕೇಳಿ ಅಂದಳು. ಕೌನ್ಸಿಲ್ಲಿನವರು ಕಡತ ನಮ್ಮಲ್ಲಿಲ್ಲ, ಏಜೆಂಟರನ್ನು ಕೇಳಿ ಅಂದರು. ಬೆಂಗಳೂರಿನ ತಮ್ಮನಿಗೆ ಹೇಳಿಕೊಂಡೆ. ‘ಸುಮ್ನೆ ಕಾಯಿ, ಫಿಫ್ಟಿ ಪರ್ಸೆಂಟ್ ಬಿಡ್ತಾರೆ’ ಅಂದ. ಅವನದು ಅನುಭವದ ಮಾತು. 2023ರ ಫೆಬ್ರುವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಬಿಟ್ಟಾಗ, ವರ್ಷಗಟ್ಟಲೆ ಕಟ್ಟದೆ ಉಳಿಸಿಕೊಂಡಿದ್ದ ಹೆಲ್ಮೆಟ್ ಕೇಸುಗಳನ್ನೆಲ್ಲ ಒಟ್ಟಿಗೆ ಚುಕ್ತಾ ಮಾಡಿ ಆ ಸಂಜೆ ಪಾರ್ಟಿ ಕೊಟ್ಟವನು. ಅಲ್ಲಿ ಕಾದರೆ ದಂಡ ಅರ್ಧವಾಗುತ್ತದೆ. ಇಲ್ಲಿ ಕಾದರೆ ಹನ್ನೆರಡು ಪಟ್ಟು. ತಾಳಿದವನು ಬಾಳಿಯಾನು ಅನ್ನುವುದಕ್ಕೆ ವೀಸಾ ಸಿಕ್ಕಿಲ್ಲ.

ದಾರಿ ಸಿಕ್ಕಿದ್ದು 12ರ ಬಾಗಿಲ ಹಿಂದೆ. ಬಾಡಿಗೆ ಏಜೆಂಟನ ಕೈಕಾಲು ಹಿಡಿದು ಬಾಗಿಲು ತೆಗೆಸಿದಾಗ, ಪಿಜ್ಜಾ ಜಾಹೀರಾತುಗಳ ಕೆಳಗೆ ನಮ್ಮ ಲಕೋಟೆಗಳೆಲ್ಲ ಒಂದರ ಮೇಲೊಂದು ಒಡೆಯದೆ ಬಿದ್ದಿದ್ದವು: ನೋಟಿಸ್ ಟು ಓನರ್, ಚಾರ್ಜ್ ಸರ್ಟಿಫಿಕೇಟು, ವಸೂಲಿ ಆದೇಶ, ಬೇಲಿಫ್ ಕಂಪನಿಯ ಮುನ್ಸೂಚನೆ. ಎಲ್ಲದರ ಮೇಲೂ ನನ್ನ ಹೆಸರು ತಪ್ಪಿಲ್ಲದೆ ಇದೆ, ಎಲ್ಲದರ ಮೇಲೂ 12. ಅಪ್ಪ ಅವನ್ನು ತಾರೀಖಿನ ಪ್ರಕಾರ ಜೋಡಿಸಿ, ಮೂಲೆಗೆ ದಾರ ಪೋಣಿಸಿ, ಪುಟಸಂಖ್ಯೆ ಹಾಕಿದರು. ನಿವೃತ್ತರಾದ ಮೇಲೆ ಅವರು ಇಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿಲ್ಲ.

ಶುಲ್ಕ ಹೆಚ್ಚಾಯಿತು, ಕಡಿಮೆ ಮಾಡಿ ಅಂತ ಬೇಲಿಫ್ ಕಂಪನಿಯ ಜೊತೆ ಜಗ್ಗಾಡಿ ಪ್ರಯೋಜನವಿಲ್ಲ. ಅದರ ಬೇರು ಇರುವುದು ನಾರ್ಥಾಂಪ್ಟನ್ನಿನಲ್ಲಿ. ಟಿಇ9 ಅನ್ನುವ ಅರ್ಜಿಯಲ್ಲಿ ನೋಟಿಸು ನನಗೆ ತಲುಪಲೇ ಇಲ್ಲ ಅಂತ ಹೇಳಿಕೆ ಕೊಡಬೇಕು. ಗಡುವು ದಾಟಿದ್ದರೆ ತಡ ಯಾಕಾಯಿತು ಅನ್ನುವುದಕ್ಕೆ ಟಿಇ7 ಅಂತ ಇನ್ನೊಂದು. ಇವು ಹೋದರೆ ತೀರ್ಮಾನವಾಗುವ ತನಕ ಬೇಲಿಫ್ ಕೈಕಟ್ಟಿ ಕೂರಬೇಕು. ಒಪ್ಪಿಗೆಯಾದರೆ ವಸೂಲಿ ಆದೇಶವೇ ರದ್ದು, ಅದರ ಬೆನ್ನಿಗೆ ಕಟ್ಟಿಕೊಂಡ 75, 235 ಎಲ್ಲ ಉದುರುತ್ತದೆ. ನಮ್ಮ ಅರ್ಜಿಯ ಕರಡು ಅಪ್ಪನದು. ‘ವಿನಮ್ರ ಪೂರ್ವಕ ನಿವೇದನೆ’ಯ ಇಂಗ್ಲಿಷ್ ರೂಪ ಆರು ಸಾಲಿತ್ತು, ಅದನ್ನು ಹೊಡೆದುಹಾಕಲು ನನಗೆ ಅವರ ಜೊತೆ ಒಂದು ಸಣ್ಣ ವ್ಯಾಜ್ಯವೇ ಆಯಿತು.

ಅರ್ಜಿ ಹೋದ ಸುದ್ದಿ ಇನ್ನೂ ಅವನಿಗೆ ತಲುಪಿರಲಿಲ್ಲವೇನೋ, ಬೇಲಿಫ್ ಮತ್ತೆ ಬಂದ. ಈ ಸಲ ನಾನು ಮನೆಯಲ್ಲಿದ್ದೆ. ಬಾಗಿಲು ತೆಗೆಯುವುದಿಲ್ಲ ಅಂತ ಅಪ್ಪನಿಂದ ಮಾತು ತೆಗೆದುಕೊಂಡಿದ್ದೆ. ಅಪ್ಪ ಮಾತಿಗೆ ತಪ್ಪಲಿಲ್ಲ. ಟಪಾಲು ಕಿಂಡಿ ಇರುವುದು ಮೊಣಕಾಲಿನ ಎತ್ತರದಲ್ಲಿ, ಅವರಿಗೆ ಬಗ್ಗಲಾಗದು. ಮೊಮ್ಮಗಳ ಪುಟ್ಟ ಸ್ಟೂಲು ಎಳೆದುಕೊಂಡು ಅದರೆದುರು ಕೂತರು. ಹೊರಗೆ ಆತನೂ ಕುಕ್ಕರುಗಾಲಿನಲ್ಲಿ ಕೂತ. ‘ಗುಡ್ ಮಾರ್ನಿಂಗ್, ಹೌ ಈಸ್ ಮದರ್?’ ಅಂತ ಅಪ್ಪನ ಪಾಟೀಸವಾಲು ಶುರುವಾಯಿತು. ಗುರುತಿನ ಚೀಟಿ ತೋರಿಸಲು ಹೇಳಿದರು. ಕೇಳಿದರೆ ತೋರಿಸಬೇಕು, ಕಾನೂನಿದೆ. ಕಿಂಡಿಯಲ್ಲಿ ಕಂಡ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ಆಮೇಲೆ ವಾರಂಟಿನ ವಿವರ ಅಂತ ಆತ ಹಿಡಿದ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು:

‘ರೌಂಡ್ ಸೀಲ್ ಎಲ್ಲಿ?’

ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ, ಸೀಲು ಇರುವುದಿಲ್ಲ ಅಂದ ಆತ. ‘ಸೀಲ್ ಇಲ್ಲದ ವಾರಂಟಾ?’ ಅಂತ ಅಪ್ಪ ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. ನಮ್ಮನ್ನು ಆಳಿ, ನಮಗೆ ಸೀಲು ಹೊಡೆಯುವುದು ಕಲಿಸಿ ಹೋದವರು ಹೀಗಾದರಲ್ಲ ಅನ್ನುವ ಸಂಕಟ ಅದು. ಅರ್ಜಿ ಹಾಕಿರುವುದನ್ನು ನಾನು ಕಿಂಡಿಯಲ್ಲೇ ಕೂಗಿ ಹೇಳಿದೆ. ಆತ ಬರೆದುಕೊಂಡ. ಎದ್ದು ಹೊರಡುವಷ್ಟರಲ್ಲಿ ಅಪ್ಪ ‘ಒನ್ ಮಿನಿಟ್’ ಅಂದು, ಅಡುಗೆಮನೆಗೆ ಹೋಗಿ ಬಂದು, ಟಿಶ್ಯೂ ಕಾಗದದಲ್ಲಿ ಸುತ್ತಿದ ನಾಲ್ಕು ಕೋಡುಬಳೆಯನ್ನು ಒಂದೊಂದಾಗಿ ಕಿಂಡಿಯಿಂದ ಹೊರಗೆ ದಾಟಿಸಿದರು. ಚಕ್ಕುಲಿ ಮುರಿಯುತ್ತದೆ ಅಂತ ಕೋಡುಬಳೆಯಂತೆ.

ಈ ಭೇಟಿಗೂ ಇನ್ನೊಂದು 235 ಬೀಳುತ್ತದಾ ಅಂತ ಆಮೇಲೆ ಕೇಳಿದರು. ಇಲ್ಲ, ಎಷ್ಟು ಸಲ ಬಂದರೂ ಒಂದೇ ಅಂದೆ. ‘ಹಂಗಾದ್ರೆ ಬರ್ಲಿ ಬಿಡೋ, ದುಡ್ಡಿನ ಲೆಕ್ಕ ಒಂದೇ ತಾನೇ.’ ಸ್ವಲ್ಪ ಹೊತ್ತು ಸ್ಟೂಲಿನ ಮೇಲೇ ಕೂತಿದ್ದರು. ‘ನಾನು ಬಂದಾಗಿನಿಂದ ನಿನ್ನ ಹೆಸರು ಹಿಡಿದು ಕೇಳ್ಕೊಂಡು ಬಂದೋನು ಇವನೊಬ್ಬನೇ ಕಣೋ’ ಅಂದರು. ನಾನು ಲೆಕ್ಕ ಹಾಕಿ ನೋಡಿದೆ. ಗೆಳೆಯರು ಬರುವ ಮೊದಲು ಮೆಸೇಜು ಮಾಡುತ್ತಾರೆ, ಬಂದು ಕಾರಿನಲ್ಲೇ ಕೂತು ಫೋನು ಮಾಡುತ್ತಾರೆ. ಪಕ್ಕದ ಮನೆಯವರ ಹೆಸರು ನನಗೂ ಗೊತ್ತಿಲ್ಲ. ಹಾಸನದಲ್ಲಿ ಅಪ್ಪನ ಹೆಸರು ಕೂಗದೆ ಯಾರೂ ಗೇಟು ತೆಗೆಯುತ್ತಿರಲಿಲ್ಲ. ಆ ಕ್ಷಣಕ್ಕೆ ಬೇಲಿಫನ ಮೇಲಿನ ನನ್ನ ಸಿಟ್ಟು ಕೊಂಚ ಇಳಿಯಿತು. ಆದರೆ ಕಂಪನಿಯ ಮೇಲಿನದು ಹಾಗೇ ಇದೆ.

ಕೊನೆಗೆ ಆದೇಶ ರದ್ದಾಯಿತು. ಶುಲ್ಕವೆಲ್ಲ ಹೋಯಿತು, ಗ್ರೈಂಡರ್ ಮಂಚದಡಿಯಿಂದ ಎದ್ದು ಬಂದು ಅವತ್ತೇ ದೋಸೆಗೆ ರುಬ್ಬಿತು. ಕೌನ್ಸಿಲ್ಲು ಮೊದಲಿನಿಂದ ಶುರು ಅಂತ ಹೊಸ ನೋಟಿಸ್ ಟು ಓನರ್ ಕಳಿಸಿತು, ಈ ಸಲ 12ಎಗೆ. ಅಂದರೆ ‘ಎ’ ಟೈಪು ಮಾಡಲು ಅವರಿಗೆ ಬರುತ್ತದೆ. ಈಗ 70 ಪೌಂಡಿನ ಮೂಲ ದಂಡಕ್ಕೇ ತಕರಾರು ಹಾಕುವ ಹಕ್ಕು ನಮಗೆ ವಾಪಸು ಬಂದಿದೆ, 28 ದಿನದ ಕಾಲಾವಕಾಶ. ತಕರಾರಿಗೆ ವಿಷಯವೂ ಇದೆ: ಅಲ್ಲಿ ನಿವಾಸಿಗಳಿಗೆ ಮಾತ್ರ ಅನ್ನುವ ಫಲಕ ಜುಲೈನಲ್ಲಿ ಮರದ ಕೊಂಬೆಯೊಳಗೆ ಪೂರ್ತಿ ಮುಚ್ಚಿಹೋಗಿತ್ತು. ವಾರ್ಡನ್ ಕಂಬಕ್ಕೆ ಒರಗಿ ಕೆಳಗಿನಿಂದ ಮೇಲಕ್ಕೆ ತೆಗೆದ ಫೋಟೊದಲ್ಲಿ ಮಾತ್ರ ಫಲಕ ಕಾಣುತ್ತದೆ. ಇದನ್ನು ಸಾಬೀತು ಮಾಡಲು ಕ್ಯಾಮೆರಾ ಹಿಡಿದು ಹೋದರೆ ಇದು ಏಪ್ರಿಲ್ ಮೊದಲ ವಾರ, ಮರದಲ್ಲಿ ಒಂದು ಎಲೆಯಿಲ್ಲ. ಫಲಕ ಒಂದು ಫರ್ಲಾಂಗ್ ದೂರದಿಂದಲೂ ಲಕಲಕ ಹೊಳೆಯುತ್ತಿದೆ.

ಅಪ್ಪ ಈಗ ದಿನಾ ಸಂಜೆ ವಾಕಿಂಗ್ ಹೋಗುವುದು ಆ ಬೀದಿಗೇ. ಬಂದು ವರದಿ ಒಪ್ಪಿಸುತ್ತಾರೆ. ನಿನ್ನೆ ತುದಿಯಲ್ಲಿ ಎರಡು ಮೊಗ್ಗು ಒಡೆದಿದೆಯಂತೆ.

‘ಇನ್ನೊಂದು ತಿಂಗಳಿಗೆ ಪೂರ್ತಿ ಮುಚ್ಚುತ್ತೆ ಕಣೋ. ಅಲ್ಲೀತನಕ ವಾಯಿದೆ ಕೇಳು.’

‘ಮರ ಚಿಗುರಲಿ ಅಂತ ವಾಯಿದೆ ಕೊಡ್ತಾರಾ ಅಪ್ಪಾ?’

‘ಕೇಳಿದ್ರೆ ತಾನೇ ಗೊತ್ತಾಗೋದು. ಬಾ, ಅರ್ಜಿ ನಾನು ಬರೆದುಕೊಡ್ತೀನಿ.’